ಒಂದು ಹುದ್ದೆ ಖಾಲಿ ಇದೆ

ಆರ್ವಿಲ್ ಕುಚೇರಾನ ಮಂಡಿ ಕೈಕೊಟ್ಟಿತು.
ಹಾಗಾಗಿ ನೆಬ್ರಾಸ್ಕಾದ ಈ ಪುಟ್ಟ ನಗರಸಭೆಯ ಗುಮಾಸ್ತೆ ನಾನು
ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ
ಪೊಲೀಸಿನವರು ಬೇಕೆಂದು ಜಾಹೀರಾತು ಟೈಪು ಮಾಡುತ್ತಿದ್ದೇನೆ.

ವಯಸ್ಸು ಇಪ್ಪತ್ತೊಂದು ತುಂಬಿರಬೇಕು.
ಹೈಸ್ಕೂಲು ಮುಗಿಸಿರಬೇಕು.
ಕನ್ನಡಕ ಹಾಕಿಕೊಂಡಾದರೂ ದೂರದ್ದು ಕಾಣಬೇಕು.
ಎಪ್ಪತ್ತು ಪೌಂಡು ತೂಕ ಎತ್ತಬಲ್ಲವರಾಗಿರಬೇಕು.

ಎಪ್ಪತ್ತು ಪೌಂಡು ಅಂದರೆ ಎಷ್ಟು?
ಜಲ್ಲಿಗುಂಡಿಯ ನೀರಿನಿಂದ ಅವನು ಹೊತ್ತು ತಂದ
ಸೆಡ್ಲಾಚೆಕ್ ಮನೆಯ ಹುಡುಗ ಅಷ್ಟು ತೂಗುತ್ತಿರಲಿಲ್ಲ.
ಬಟ್ಟೆಯ ನೀರು ಸೇರಿ ಭಾರವಾಗಿತ್ತು ಅಂದ ಆಮೇಲೆ,
ಆಫೀಸಿನ ಹೀಟರಿನ ಮುಂದೆ ಬೂಟು ಒಣಗಿಸುತ್ತಾ.
ಬೇರೇನೂ ಅನ್ನಲಿಲ್ಲ.

ಕರ್ತವ್ಯಗಳು:
ರಾತ್ರಿ ಪಾಳಿಯಲ್ಲಿ ಮುಖ್ಯಬೀದಿಯ ಅಂಗಡಿಗಳ
ಬಾಗಿಲಿನ ಹಿಡಿಕೆ ಅಲುಗಿಸಿ ನೋಡುವುದು, ಹತ್ತೊಂಬತ್ತೂ.
ಅದರಲ್ಲಿ ಎಂಟು ಶಾಶ್ವತವಾಗಿ ಮುಚ್ಚಿವೆ,
ಅವುಗಳದ್ದೂ ಅಲುಗಿಸುತ್ತಿದ್ದ.
ತಿಂಗಳ ಮೊದಲ ಬುಧವಾರ ಸುಂಟರಗಾಳಿಯ ಸೈರನ್ ಪರೀಕ್ಷೆ;
ಊರ ನಾಯಿಗಳೆಲ್ಲ ಶ್ರುತಿ ಸೇರಿಸುತ್ತವೆ.
ಹೆದ್ದಾರಿಗೆ ನುಗ್ಗಿದ ಹೋರಿಗಳನ್ನು ಬೇಲಿಯೊಳಕ್ಕೆ ಅಟ್ಟುವುದು.
ಭಾಷೆ: ಇಂಗ್ಲಿಷ್. ಸ್ಪ್ಯಾನಿಷ್ ಬಂದರೆ ಒಳ್ಳೆಯದು.

ಮಾಂಸದ ಕಾರ್ಖಾನೆಯ ಪಾಳಿ ಮುಗಿಸಿ ಬರುವ ಎಉಲಾಲಿಯಾ
ಕಾರಿನ ದೀಪ ಕಂಡರೆ ಉಸಿರು ಹಿಡಿದು ನಿಲ್ಲುತ್ತಿದ್ದಳು.
ಆರ್ವಿಲ್ ಹನ್ನೆರಡು ಮಾತು ಕಲಿತ. ಅದರಲ್ಲಿ 'ಹೆದರಬೇಡಿ' ಎಂಬುದನ್ನು
ಎಷ್ಟು ಕೆಟ್ಟದಾಗಿ ಉಚ್ಚರಿಸುತ್ತಿದ್ದನೆಂದರೆ
ಅವಳ ಮಕ್ಕಳು ಬಿದ್ದು ಬಿದ್ದು ನಕ್ಕರು.
ಅವಳು ಹಿಡಿದ ಉಸಿರು ಬಿಟ್ಟಳು.

ವರದಿಗಳನ್ನು ಸ್ಪಷ್ಟ ಭಾಷೆಯಲ್ಲಿ ಬರೆಯಬಲ್ಲವರಾಗಿರಬೇಕು.

ಇಲ್ಲಿ ಬೆರಳು ನಿಂತಿತು.

ನಮ್ಮ ಮನೆಗೆ ಮೂರು ಸಲ ಬಂದಿದ್ದ.
ಮೊದಲ ಸಲ ಟೋಪಿ ಕೈಯಲ್ಲಿ ಹಿಡಿದು
'ಲೈಲ್, ಗಾಳಿಗೆ ಸ್ವಲ್ಪ ಹೊರಗೆ ಬಾ' ಎಂದು
ನನ್ನ ಗಂಡನನ್ನು ಕಾರಿನಲ್ಲಿ ಊರು ಸುತ್ತಿಸಿ
ಬೆಳಗ್ಗೆ ತಂದು ಬಾಗಿಲಿಗೆ ಬಿಟ್ಟ,
ಎರವಲು ಒಯ್ದ ಏಣಿಯನ್ನು ವಾಪಸು ಕೊಡುವ ಹಾಗೆ.
ಎರಡನೆಯ ಸಲವೂ ಅದೇ.
ಶಾಲೆಯಲ್ಲಿ ಒಂದೇ ಫುಟ್‌ಬಾಲ್ ತಂಡ ಇಬ್ಬರದೂ.
ಊರು ಚಿಕ್ಕದು, ಊರ ಬಾಯಿ ದೊಡ್ಡದು,
ನಿನ್ನ ಮರ್ಯಾದೆಗೇ ಹೇಳುತ್ತಿದ್ದೇನೆ ಅಂದ.
ನಾನೂ ಹೂಂ ಅಂದೆ.

ಮೂರನೆಯ ಸಲ ನನ್ನ ಬಲ ಮಣಿಕಟ್ಟು ಮುರಿದಿತ್ತು.
ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿ ಬರೆದ,
ಒಂದೊಂದೇ ಅಕ್ಷರ,
ತಪ್ಪು ಮಾಡಿದ ಹುಡುಗ ಮೇಷ್ಟರು ಕೊಟ್ಟ ಸಾಲನ್ನು
ನೂರು ಸಲ ಬರೆಯುವ ಹಾಗೆ.
'ಮುಂಚೆಯೇ ನಾನು' ಅಂದ. ಮಾತು ಮುಗಿಸಲಿಲ್ಲ.
ವರದಿಯಲ್ಲಿ ಮಾತ್ರ ಪ್ರತಿ ವಾಕ್ಯಕ್ಕೂ ಪೂರ್ಣವಿರಾಮವಿತ್ತು.
ಸೋಮವಾರ ಆಫೀಸಿಗೆ ಬಂದು
ನಾನೇ ಅದನ್ನು ಫೈಲಿಗೆ ಸೇರಿಸಿದೆ, ಎಡಗೈಯಲ್ಲಿ.

ಹಿಮ ಬೀಳುವ ಮುಂಚಿನ ದಿನ ನನ್ನ ಮಣಿಕಟ್ಟಿಗೆ ಗೊತ್ತಾಗುತ್ತದೆ,
ಅವನ ಮಂಡಿಗೂ.
ಕಾಫಿಯ ಮೇಲೆ ಪಂದ್ಯ ಕಟ್ಟುತ್ತೇವೆ, ಯಾರದು ನಿಜವಾಗುತ್ತದೆಂದು.
ಕ್ಷಮಿಸಿದೆಯಾ ಎಂದು ಮಾತ್ರ ಕೇಳಬೇಡಿ.
ಒಳ್ಳೆಯ ಪೊಲೀಸನೇ ಅವನು.
ಕರೆದ ಐದೇ ನಿಮಿಷಕ್ಕೆ ಬಂದೂ
ಎರಡು ಸಲ ತಡಮಾಡಿದ.

ಸಂಬಳ ಅನುಭವಕ್ಕೆ ತಕ್ಕಂತೆ.
ಸಮವಸ್ತ್ರ ನಗರದ ಖರ್ಚು, ಬೂಟು ಸ್ವಂತದ್ದು.

ವರದಿಯ ಸಾಲಿಗೆ ಹಿಂದಿರುಗಿ ಎರಡು ಮಾತು ಸೇರಿಸಿದೆ:
ಮೊದಲ ಸಲವೇ.
ಏನಿದು ಎಂದು ಮೇಯರ್ ಕೇಳಿದರೆ
ಕಾಗದ ಉಳಿಯಲಿ ಎಂದು, ಅನ್ನುತ್ತೇನೆ.

ಐದು ಗಂಟೆ.
ಮೆಟ್ಟಿಲ ಮೇಲೆ ಊರುಗೋಲಿನ ಸದ್ದು.
ಬಾಗಿಲಿನ ಹಿಡಿಕೆ ಹೊರಗಿನಿಂದ ಒಮ್ಮೆ ಅಲುಗಿತು.

ಒಳಗಿದ್ದೇನೆ, ಅಂದೆ.